ಸೇವ್ ಮಾಡಲೇ ಅಂತ ಎಕ್ಸೆಲ್ ಕೇಳಿದರೆ ಉತ್ತರ ಯಾರು ಕೊಡಬೇಕು?

ಅಮ್ಮತ್ತಿ ಹತ್ತಿರದ ಒಂದು ಕಾಫಿ ತೋಟದ ಆಫೀಸಿನಲ್ಲಿ ನಾನು ಲೆಕ್ಕ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ತೋಟದ ಒಂದೊಂದು ಭಾಗಕ್ಕೆ, ಅಂದ್ರೆ ಡಿವಿಷನ್‌ಗೆ, ಒಂದರಂತೆ ಎಕ್ಸೆಲ್ ಫೈಲ್ ಇದೆ. ಚೆಕ್‌ರೋಲ್ (ಕೆಲಸದವರ ಹಾಜರಿ ಪಟ್ಟಿ), ಕೊಯ್ಲಿನ ತೂಕ, ಮಳೆ ಲೆಕ್ಕ ಎಲ್ಲ ಅದರಲ್ಲೇ. ಸಂಜೆ ತೂಕ ಮುಗಿದ ಮೇಲೆ ಆಯಾ ಡಿವಿಷನ್ನಿನ ರೈಟರ್, ಅಂದ್ರೆ ಲೆಕ್ಕ ಬರೆಯುವವರು, ಬಂದು ಅಂಕಿ ತುಂಬುತ್ತಾರೆ. ರಾತ್ರಿ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್, ಅಂದ್ರೆ ಹೇಳಿದ ಹೊತ್ತಿಗೆ ಕೆಲಸ ಶುರುಮಾಡುವ ಸೌಲಭ್ಯ, ಒಂದು ಪೈಥಾನ್ ಸ್ಕ್ರಿಪ್ಟನ್ನು (ಪೈಥಾನ್ ಭಾಷೆಯ ಚಿಕ್ಕ ಪ್ರೋಗ್ರಾಮನ್ನು) ಓಡಿಸುತ್ತೆ. ಅದು ಫೈಲ್‌ಗಳನ್ನು ಒಂದೊಂದಾಗಿ ತೆರೆದು, ಒಬ್ಬೊಬ್ಬರು ವಾರದಲ್ಲಿ ಕೊಯ್ದ ಕಿಲೋ ಕೂಡಿಸಿ, ಬಟವಾಡೆ (ಕೂಲಿ ಹಂಚುವ) ಹಾಳೆಗೆ ಬರೆದು, ಫೈಲ್ ಮುಚ್ಚಬೇಕು.

ತೆರೆಯೋದು ಸುಲಭ. ತೊಂದರೆ ಇರೋದು ಮುಚ್ಚೋದರಲ್ಲಿ.

ಬದಲಾವಣೆ ಆಗಿರುವ ಫೈಲ್ ಮುಚ್ಚಲು ಹೋದರೆ ಎಕ್ಸೆಲ್ ಕೇಳುತ್ತೆ, ಸೇವ್ ಮಾಡಲೇ ಬೇಡವೇ ಅಂತ. ನಾವು ಎದುರಿಗೆ ಕೂತಿದ್ದರೆ ಒಂದು ಕ್ಲಿಕ್‌ನ ಕೆಲಸ. ಆದರೆ ಸ್ಕ್ರಿಪ್ಟ್ ತೆರೆಯುವ ಎಕ್ಸೆಲ್ ಪರದೆ ಮೇಲೆ ಕಾಣೋದೇ ಇಲ್ಲ, ಅದರ ‘ವಿಸಿಬಲ್’ ಫಾಲ್ಸ್ ಆಗಿರುತ್ತೆ. ಹಾಗಾಗಿ ಪ್ರಶ್ನೆಯೂ ಯಾರಿಗೂ ಕಾಣಲ್ಲ. ಸ್ಕ್ರಿಪ್ಟ್ ಅಲ್ಲೇ ನಿಂತುಬಿಡುತ್ತೆ. ಎರರ್ ಇಲ್ಲ, ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಬೆಳಿಗ್ಗೆ ರೈಟರ್ ಫೋನ್ ಮಾಡುತ್ತಾರೆ: “ಅಕ್ಕಾ, ಫೈಲ್ ಬೇರೆಯವರು ತೆಗೆದಿದ್ದಾರೆ ಅಂತ ಬರ್ತಾ ಇದೆ. ಓದೋಕೆ ಮಾತ್ರ ಆಗುತ್ತಂತೆ. ಆಫೀಸಲ್ಲಿ ಯಾರಾದ್ರೂ ಕೂತಿದ್ದಾರಾ?” ಯಾರೂ ಕೂತಿರಲ್ಲ. ಟಾಸ್ಕ್ ಮ್ಯಾನೇಜರ್ ತೆಗೆದರೆ ರಾತ್ರಿಯ ಎಕ್ಸೆಲ್ ಇನ್ನೂ ಅಲ್ಲೇ ಇರುತ್ತೆ, ಫೈಲನ್ನು ಬಿಗಿಯಾಗಿ ಹಿಡಿದುಕೊಂಡು.

ಈ ಕೋಡನ್ನು ಮೊದಲು ಹೊರಗಿನವರೊಬ್ಬರು ಬರೆದುಕೊಟ್ಟಿದ್ದರು. ಹೀಗೆ ನಿಲ್ಲುತ್ತೆ ಅಂತ ಹೇಳಿದ್ದಕ್ಕೆ ಅವರು ಮೇಲ್ಗಡೆ ಒಂದು ಸಾಲು ಸೇರಿಸಿದರು: ‘ಡಿಸ್‌ಪ್ಲೇಅಲರ್ಟ್ಸ್ = ಫಾಲ್ಸ್’. ಮುಗೀತು, ಇನ್ನು ಏನೂ ಕೇಳಲ್ಲ ಅಂದರು. ನಿಜ, ಕೇಳಲಿಲ್ಲ. ಸ್ಕ್ರಿಪ್ಟ್ ಪ್ರತಿ ರಾತ್ರಿ ಸಲೀಸಾಗಿ ಓಡಿತು. ಬಟವಾಡೆ ಹಿಂದಿನ ದಿನ ಹಾಳೆ ತೆಗೆದು ನೋಡಿದರೆ ಖಾಲಿ.

ಆಗಿದ್ದು ಇಷ್ಟು. ಆ ಸಾಲು ಹಾಕಿದರೆ ಎಕ್ಸೆಲ್ ಪ್ರಶ್ನೆ ಕೇಳೋದನ್ನು ನಿಲ್ಲಿಸುತ್ತೆ. ಆದರೆ ಉತ್ತರ ಬೇಕೇ ಬೇಕಲ್ವಾ? ಅದನ್ನು ತಾನೇ ಕೊಟ್ಟುಕೊಳ್ಳುತ್ತೆ. ಫೈಲ್ ಮುಚ್ಚುವಾಗ ಅದು ಕೊಟ್ಟುಕೊಳ್ಳುವ ಉತ್ತರ ‘ಸೇವ್ ಬೇಡ’. ಸ್ಕ್ರಿಪ್ಟ್ ಕೂಡಿಸಿ ಬರೆದ ಕಿಲೋಗಳೆಲ್ಲ ಮುಚ್ಚುವಾಗ ಹೋಗಿಬಿಟ್ಟವು. ಆ ದಿನ ತೂಕದ ಪುಸ್ತಕ ಇಟ್ಟುಕೊಂಡು ಎಲ್ಲರ ಲೆಕ್ಕವನ್ನೂ ಕೈಯಲ್ಲಿ ಕೂಡಿಸಬೇಕಾಯಿತು. ರೋಬಸ್ಟಾ ಕೊಯ್ಲಿನ ಸಮಯದಲ್ಲಿ ಕಿಲೋ ಮೇಲೆ ದುಡ್ಡು. ಬೆಳಿಗ್ಗೆಯಿಂದ ಸಂಜೆವರೆಗೆ ಗಿಡದ ಹತ್ತಿರ ನಿಂತು ಕೊಯ್ದವರ ಕೂಲಿ ಅದು. ಕಂಪ್ಯೂಟರ್ ಸುಮ್ಮನಾಯಿತು ಅಂತ ಅದರಲ್ಲಿ ಒಂದು ಕಿಲೋನೂ ಹೆಚ್ಚುಕಮ್ಮಿ ಆಗಬಾರದು.

ಆಮೇಲೆ ಆ ಕೋಡನ್ನು ನಾನೇ ಕೂತು ಮತ್ತೆ ಬರೆದೆ. ‘ಡಿಸ್‌ಪ್ಲೇಅಲರ್ಟ್ಸ್’ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದ್ದು ಆಗಲೇ. ಅದು ಒಂದು ಫೈಲಿಗೆ ಹಾಕುವ ಸಾಲಲ್ಲ, ಇಡೀ ಎಕ್ಸೆಲ್‌ನ ಬಾಯಿ ಮುಚ್ಚಿಸುತ್ತೆ. ಸೇವ್ ಆ್ಯಸ್ ಮಾಡುವಾಗ ಅದೇ ಹೆಸರಿನ ಹಳೇ ಫೈಲ್ ಇದ್ದರೆ, ಕೇಳದೆ ಅದರ ಮೇಲೇ ಬರೆದುಬಿಡುತ್ತೆ. ಮುಚ್ಚುವಾಗ ‘ಬೇಡ’, ಹಳೇ ಫೈಲ್ ಅಳಿಸುವಾಗ ‘ಆಗಲಿ’. ಎರಡೂ ನಾವು ಹೇಳಿದ ಉತ್ತರವಲ್ಲ.

ಇನ್ನೊಂದು ವಿಷಯ. ಎಕ್ಸೆಲ್ ಒಳಗೇ ಓಡುವ ಚಿಕ್ಕ ಪ್ರೋಗ್ರಾಮ್, ಅಂದ್ರೆ ಮ್ಯಾಕ್ರೊದಲ್ಲಿ, ‘ಡಿಸ್‌ಪ್ಲೇಅಲರ್ಟ್ಸ್’ ಫಾಲ್ಸ್ ಮಾಡಿದರೆ, ಮ್ಯಾಕ್ರೊ ಮುಗಿದ ಕೂಡಲೇ ಎಕ್ಸೆಲ್ ಅದನ್ನು ವಾಪಸ್ ಟ್ರೂ ಮಾಡುತ್ತೆ. ಪೈಥಾನ್ ಥರ ಹೊರಗಿನಿಂದ ಓಡಿಸಿದರೆ ಹಾಗೆ ಮಾಡಲ್ಲ, ನಾವೇ ಮಾಡಬೇಕು. ಪೈಥಾನಿನಿಂದ ಎಕ್ಸೆಲ್ ಶುರುಮಾಡುವ ‘ಡಿಸ್‌ಪ್ಯಾಚ್’ ಅನ್ನೋ ಆಜ್ಞೆ ಕೆಲವು ಸಲ ಆಗಲೇ ತೆರೆದಿರುವ ಎಕ್ಸೆಲ್‌ಗೇ ಹೋಗಿ ಸೇರಿಕೊಳ್ಳುತ್ತೆ. ಅಲ್ಲಿ ಅಲರ್ಟ್ ನಿಲ್ಲಿಸಿ ಹಾಗೇ ಬಿಟ್ಟರೆ, ಆ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿರುವವರಿಗೂ ಎಕ್ಸೆಲ್ ಏನೂ ಕೇಳಲ್ಲ. ಅವರು ಅಭ್ಯಾಸಬಲದಲ್ಲಿ ಮುಚ್ಚುತ್ತಾರೆ, ತುಂಬಿದ್ದೆಲ್ಲ ಹೋಗುತ್ತೆ. ಅದಕ್ಕೇ ನಾನು ‘ಡಿಸ್‌ಪ್ಯಾಚ್‌ಎಕ್ಸ್’ ಬಳಸುತ್ತೇನೆ. ಅದು ಪ್ರತಿ ಸಲ ಹೊಸ ಎಕ್ಸೆಲ್ ತೆರೆಯುತ್ತೆ.

ಈಗಿನ ಕೋಡಿನಲ್ಲಿ ಪ್ರತಿ ಫೈಲಿಗೂ ಅದರದ್ದೇ ಉತ್ತರ ಇದೆ. ಸುಮ್ನೆ ಓದಿ ಬಿಡುವ ಫೈಲ್ ಆದರೆ ‘ರೀಡ್‌ಓನ್ಲಿ = ಟ್ರೂ’ ಹಾಕಿ ತೆರೆಯುತ್ತೇನೆ, ಬೇರೆ ಫೈಲ್‌ಗಳ ಲಿಂಕ್ ಅಪ್‌ಡೇಟ್ ಮಾಡಲೇ ಅಂತ ಕೇಳದಿರಲು ಜೊತೆಗೆ ‘ಅಪ್‌ಡೇಟ್‌ಲಿಂಕ್ಸ್ = 0’. ಮುಚ್ಚುವಾಗ ‘ಕ್ಲೋಸ್’ ಒಳಗೇ ‘ಸೇವ್‌ಚೇಂಜಸ್ = ಫಾಲ್ಸ್’. ಇಲ್ಲಿ ಪ್ರಶ್ನೆಯೇ ಏಳಲ್ಲ, ಯಾಕಂದ್ರೆ ಉತ್ತರ ಮೊದಲೇ ಕೊಟ್ಟಾಗಿದೆ. ಬರೆಯುವ ಫೈಲ್ ಆದರೆ ಮೊದಲು ‘ಸೇವ್’ ಅಂತ ಬೇರೆ ಸಾಲು, ಆಮೇಲೆ ಅದೇ ‘ಸೇವ್‌ಚೇಂಜಸ್ = ಫಾಲ್ಸ್’ ಹಾಕಿ ಮುಚ್ಚುವುದು. ‘ಸೇವ್‌ಚೇಂಜಸ್ = ಟ್ರೂ’ ಅಂತ ಒಂದೇ ಸಾಲಿನಲ್ಲೂ ಮಾಡಬಹುದು. ನನಗೆ ಎರಡು ಸಾಲೇ ಇಷ್ಟ. ಸೇವ್ ಆಗದಿದ್ದರೆ ಎರರ್ ಆ ಸಾಲಿನಲ್ಲೇ ಬಂದು ಲಾಗ್‌ಗೆ ಬೀಳುತ್ತೆ, ಬೆಳಿಗ್ಗೆ ಹುಡುಕೋದು ಸುಲಭ.

‘ಸೇವ್ಡ್ = ಟ್ರೂ’ ಅಂತ ಇನ್ನೊಂದು ದಾರಿ ಇದೆ. ಹೆಸರು ನೋಡಿದರೆ ಸೇವ್ ಮಾಡುತ್ತೆ ಅನಿಸುತ್ತೆ, ಮಾಡಲ್ಲ. ಬದಲಾವಣೆ ಏನೂ ಇಲ್ಲ ಅಂತ ಗುರುತು ಹಾಕುತ್ತೆ ಅಷ್ಟೇ. ಮುಚ್ಚಿದರೆ ಬದಲಾಗಿದ್ದು ಹೋಗುತ್ತೆ. ಫೈಲ್ ಮುಚ್ಚುವುದು ನಮ್ಮ ಕೋಡ್ ಅಲ್ಲ, ಬಳಸುವವರು ಅನ್ನೋ ಕಡೆ ಮಾತ್ರ ಇದು ಉಪಯೋಗ.

ಯಾರೂ ಏನೂ ಮುಟ್ಟದ ಫೈಲಿಗೂ ಸೇವ್ ಮಾಡಲೇ ಅಂತ ಯಾಕೆ ಕೇಳುತ್ತೆ ಅನ್ನೋದು ನಮ್ಮ ರೈಟರುಗಳ ಪ್ರಶ್ನೆ. ಒಳ್ಳೇ ಪ್ರಶ್ನೆ. ನಮ್ಮ ಫೈಲಿನ ತಲೆಯಲ್ಲಿ ದಿನಾಂಕಕ್ಕೆ ‘ಟುಡೇ’ ಫಾರ್ಮುಲಾ ಇತ್ತು, ಅದು ಆಯಾ ದಿನದ ದಿನಾಂಕ ತೋರಿಸುತ್ತೆ. ಟುಡೇ, ನೌ, ರ‍್ಯಾಂಡ್, ಆಫ್‌ಸೆಟ್, ಇಂಡೈರೆಕ್ಟ್ ಇಂಥವು ಫೈಲ್ ತೆರೆದ ಕೂಡಲೇ ಮತ್ತೆ ಲೆಕ್ಕ ಹಾಕಿಕೊಳ್ಳುತ್ತವೆ. ಎಕ್ಸೆಲ್ ಪಾಲಿಗೆ ಅದೂ ಬದಲಾವಣೆಯೇ. ಹಳೇ ಎಕ್ಸೆಲ್‌ನಲ್ಲಿ ಸೇವ್ ಆದ ಫೈಲನ್ನು ಹೊಸದರಲ್ಲಿ ತೆರೆದರೂ ಹೀಗೇ, ಇಡೀ ಫೈಲ್ ಮತ್ತೆ ಲೆಕ್ಕ ಆಗುತ್ತೆ.

ನಮ್ಮ ಮಳೆ ಹಾಳೆಯಲ್ಲಿ ಇದು ಚೆನ್ನಾಗಿ ಕಾಣುತ್ತಿತ್ತು. ಕೊಡಗಿನ ತೋಟಗಳಲ್ಲಿ ಮಳೆ ಅಳೆಯೋದು ಇಂಚು, ಸೆಂಟ್ಸ್ ಲೆಕ್ಕದಲ್ಲಿ. 100 ಸೆಂಟ್ಸ್ ಅಂದ್ರೆ ಒಂದು ಇಂಚು, ಅಂದ್ರೆ 25.4 ಮಿಲಿಮೀಟರ್. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಎಷ್ಟು ಬಿತ್ತು, ಅದರ ಹಿಂದೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಬಂತಾ ಅಂತ ಎಲ್ಲರ ಕಣ್ಣೂ ಆ ಹಾಳೆ ಮೇಲೆ. ಕೊನೆಯ ಹತ್ತು ದಿನದ ಮಳೆ ಕೂಡಿಸಲು ಅಲ್ಲಿ ಆಫ್‌ಸೆಟ್ ಇತ್ತು. ಅದನ್ನು ತೆಗೆದು, ಷರತ್ತಿಗೆ ಹೊಂದುವ ಅಂಕಿಗಳನ್ನು ಮಾತ್ರ ಕೂಡಿಸುವ ‘ಸಮ್‌ಇಫ್ಸ್’ ಹಾಕಿದೆ. ದಿನಾಂಕಕ್ಕೂ ಟುಡೇ ಬಿಟ್ಟು, ಹಾಳೆಯಲ್ಲಿ ತುಂಬಿರುವ ಕೊನೆಯ ದಿನಾಂಕವನ್ನು ‘ಮ್ಯಾಕ್ಸ್’ನಿಂದ ತೆಗೆದುಕೊಂಡೆ. ಇದರಿಂದ ಇನ್ನೊಂದು ಲಾಭವೂ ಆಯಿತು. ಎರಡು ದಿನ ಯಾರೂ ಅಂಕಿ ತುಂಬದಿದ್ದರೂ ಮೊತ್ತ ಜಾರುವುದಿಲ್ಲ. ತಲೆಯ ದಿನಾಂಕವನ್ನು ಈಗ ರೈಟರುಗಳೇ ಕಂಟ್ರೋಲ್ ಜೊತೆ ಸೆಮಿಕೋಲನ್ ಒತ್ತಿ ಹಾಕುತ್ತಾರೆ. ಒಮ್ಮೆ ಬಿದ್ದ ದಿನಾಂಕ ಮತ್ತೆ ಬದಲಾಗಲ್ಲ. ಸುಮ್ಮನೆ ತೆಗೆದು ನೋಡಿ ಮುಚ್ಚಿದರೆ ಎಕ್ಸೆಲ್ ಈಗ ಏನೂ ಕೇಳಲ್ಲ. ಕೇಳಿತು ಅಂದ್ರೆ ನಿಜವಾಗಿಯೂ ಏನೋ ಬದಲಾಗಿದೆ ಅಂತಲೇ ಅರ್ಥ. ಈಗ ಅವರು ಆ ಪ್ರಶ್ನೆಯನ್ನು ಓದಿ ಉತ್ತರ ಕೊಡುತ್ತಾರೆ.

ಅಲರ್ಟ್ ನಿಲ್ಲಿಸಿದರೂ ನಿಲ್ಲದ ಒಂದು ಪೆಟ್ಟಿಗೆ ಇದೆ. ಒಂದು ಡಿವಿಷನ್ನಿನ ಫೈಲಿನಲ್ಲಿ, ಮುಚ್ಚುವ ಮೊದಲು ತಾನಾಗಿ ಓಡುವ ‘ಬಿಫೋರ್‌ಕ್ಲೋಸ್’ ಮ್ಯಾಕ್ರೊ ಇದೆ, ತೂಕ ತುಂಬಿದ್ದೀರಾ ಅಂತ ‘ಮೆಸೇಜ್ ಬಾಕ್ಸ್’ ತೋರಿಸುತ್ತೆ. ರೈಟರಿಗೆ ಅದು ಬೇಕು, ತೆಗೆಯಬಾರದು. ಸ್ಕ್ರಿಪ್ಟ್ ಮುಚ್ಚುವಾಗ ಮಾತ್ರ ಬೇಡ. ಅದಕ್ಕೆ ‘ಎನೇಬಲ್‌ಈವೆಂಟ್ಸ್ = ಫಾಲ್ಸ್’, ಆಗ ಇಂಥ ಮ್ಯಾಕ್ರೊ ಓಡಲ್ಲ. ಇದು ಮ್ಯಾಕ್ರೊದಲ್ಲೂ ತಾನಾಗಿ ವಾಪಸ್ ಬರಲ್ಲ, ಟ್ರೂ ಮಾಡುವ ಸಾಲನ್ನು ಪೈಥಾನಿನ ‘ಫೈನಲಿ’ ಒಳಗೆ, ಅಂದ್ರೆ ಎರರ್ ಬಂದರೂ ಓಡುವ ಭಾಗದಲ್ಲಿ, ಇಡಬೇಕು. ಫೈಲ್ ಮುಚ್ಚೋದು, ಎಕ್ಸೆಲ್ಲನ್ನೇ ಮುಚ್ಚುವ ‘ಕ್ವಿಟ್’ ಎರಡೂ ಅಲ್ಲೇ ಇರಲಿ. ನಡುವೆ ಏನೇ ಎರರ್ ಬಂದರೂ ಎಕ್ಸೆಲ್ ಹಿಂದೆ ಉಳಿಯಬಾರದು.

ಯಾರೂ ಎದುರಿಗಿಲ್ಲದ ಕಡೆ ಆಫೀಸ್ ತಂತ್ರಾಂಶಗಳನ್ನು ಕೋಡಿನಿಂದ ಓಡಿಸಬೇಡಿ ಅಂತ ಮೈಕ್ರೋಸಾಫ್ಟೇ ಹೇಳುತ್ತೆ. ಉತ್ತರಕ್ಕಾಗಿ ಹೀಗೆ ಕಾದು ಕೂರುತ್ತೆ ಅನ್ನೋದು ಅದಕ್ಕೆ ಒಂದು ಕಾರಣ. ಬರೀ ಓದುವ ಕೆಲಸ ಇರುವ ಕಡೆ ನಾನೂ ನಿಧಾನಕ್ಕೆ ‘ಓಪನ್‌ಪೈಎಕ್ಸ್‌ಎಲ್’ ಅನ್ನೋ ಪೈಥಾನ್ ಲೈಬ್ರರಿಗೆ ಬದಲಾಯಿಸುತ್ತಿದ್ದೇನೆ. ಅದಕ್ಕೆ ಎಕ್ಸೆಲ್ ತೆರೆಯುವ ಅಗತ್ಯವೇ ಇಲ್ಲ, ‘ಡೇಟಾಓನ್ಲಿ’ ಅಂತ ಕೊಟ್ಟರೆ ಕೊನೆಯ ಸಲ ಸೇವ್ ಆದ ಅಂಕಿಗಳು ಸಿಗುತ್ತವೆ.

ಹೊಸ ಫೈಲ್ ಸೇರಿಸುವಾಗ ಮಾತ್ರ ಒಂದು ಕ್ರಮ ಬಿಡಲ್ಲ. ಹಗಲು ಹೊತ್ತಿನಲ್ಲಿ, ‘ವಿಸಿಬಲ್’ ಟ್ರೂ ಇಟ್ಟು, ಅಲರ್ಟ್ ಯಾವುದನ್ನೂ ನಿಲ್ಲಿಸದೆ ಒಮ್ಮೆ ಓಡಿಸುತ್ತೇನೆ. ಪಕ್ಕದಲ್ಲಿ ಆ ಡಿವಿಷನ್ನಿನ ರೈಟರ್ ಇರುತ್ತಾರೆ. ಪರದೆ ಮೇಲೆ ಬರುವ ಒಂದೊಂದು ಪ್ರಶ್ನೆಗೂ ಏನು ಉತ್ತರ ಅಂತ ಅವರನ್ನೇ ಕೇಳುತ್ತೇನೆ. ಅವರು ಹೇಳಿದ್ದನ್ನು ಕೋಡಿನಲ್ಲಿ ಬರೆದ ಮೇಲೇ ಆ ಫೈಲ್ ರಾತ್ರಿಯ ಪಟ್ಟಿಗೆ ಸೇರುತ್ತೆ.