ಕೆಂಪು ಇಂಕಿನ ಪುಟಗಳು

ಮೈಸೂರಿನ ನಮ್ಮ ಈ ಕಾಲೇಜಿನಲ್ಲಿ ನಾನು ಬಿ.ಎಸ್ಸಿ. ಓದಿದ್ದು 2006ರಿಂದ 2009ರವರೆಗೆ. ಸಿ.ಬಿ.ಝಡ್. ಅಂದರೆ ಕೆಮಿಸ್ಟ್ರಿ, ಬಾಟನಿ, ಜುವಾಲಜಿ. ಊರು ಮದ್ದೂರಿನ ಹತ್ತಿರ. ಬೆಳಗಿನ ಪ್ಯಾಸೆಂಜರ್ ರೈಲು ಹಿಡಿದು ಮೈಸೂರಿಗೆ ಬರುತ್ತಿದ್ದೆ. ಮಂಡ್ಯ ದಾಟುವವರೆಗೆ ನಿಂತೇ ಇರಬೇಕು. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವ ಹೊತ್ತಿಗೆ ಸೀಟು ಸಿಕ್ಕರೆ, ಲ್ಯಾಬಿನಲ್ಲಿ ಕಂಡದ್ದನ್ನು ಬರೆದಿಡುವ ರೆಕಾರ್ಡ್ ಬುಕ್ ತೊಡೆ ಮೇಲಿಟ್ಟು ಚಿತ್ರ ಮುಗಿಸುತ್ತಿದ್ದೆ. ಆ ರೆಕಾರ್ಡ್ ಬುಕ್ ಬಗ್ಗೆಯೇ ಇಲ್ಲಿ ಬರೆಯಬೇಕು ಅಂದುಕೊಂಡಿದ್ದೇನೆ.

ನಮ್ಮ ತರಗತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮೆಡಿಕಲ್ ಸೀಟು ಸಿಗದೆ ಬಂದವರು. ನಾನೂ ಅಷ್ಟೇ. ಊರಿನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. 'ಬಿ.ಎಸ್ಸಿ. ಮುಗಿಸಿ ಏನ್ ಮಾಡ್ತೀಯಮ್ಮ?' ಉತ್ತರ ನನಗೆ ಗೊತ್ತಿರಲಿಲ್ಲ. ಮೇಷ್ಟ್ರಾಗುವುದು ಇಲ್ಲವೇ ಬ್ಯಾಂಕ್ ಪರೀಕ್ಷೆ ಬರೆಯುವುದು, ಈ ಎರಡೇ ದಾರಿ ಅಂತ ಎಲ್ಲರೂ ನಂಬಿದ್ದರು.

ಆ ಕಾಲದಲ್ಲಿ ಸೀನಿಯರ್‌ಗಳ ರೆಕಾರ್ಡ್ ಕೈಯಿಂದ ಕೈಗೆ ಬರುತ್ತಿತ್ತು. ಅದರಲ್ಲಿದ್ದ ಚಿತ್ರವನ್ನು ಹಾಗೆಯೇ ಇಳಿಸಿಕೊಂಡರೆ ಆಯಿತು. ಮೊದಲ ಸಲ ಈರುಳ್ಳಿ ಬೇರಿನ ತುದಿಯಲ್ಲಿ ಕೋಶ ವಿಭಜನೆ ನೋಡುವ ಪ್ರಾಕ್ಟಿಕಲ್ ಇತ್ತು. ನೀರಿನ ಬಾಟಲಿ ಬಾಯಿಗೆ ಈರುಳ್ಳಿ ಕೂರಿಸಿ ಬೇರು ಬರಿಸಿದ್ದೆವು. ತುದಿ ಕತ್ತರಿಸಿ, ಆಸಿಡ್‌ನಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ, ಅಸಿಟೋಕಾರ್ಮೈನ್ ಬಣ್ಣ ಹಾಕಿ, ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ಒತ್ತಬೇಕು. ನನ್ನ ಸ್ಲೈಡಿನಲ್ಲಿ ಕೋಶಗಳೆಲ್ಲ ಒಂದರ ಮೇಲೊಂದು ಬಿದ್ದು ಮುದ್ದೆಯಾಗಿದ್ದವು. ಆದರೂ ರೆಕಾರ್ಡಿನಲ್ಲಿ ನಾಲ್ಕು ಹಂತವನ್ನೂ ಚೆನ್ನಾಗಿ ಬರೆದೆ. ಬಾಟನಿ ಮೇಡಂ ಬಂದು ಮೈಕ್ರೋಸ್ಕೋಪಿನಲ್ಲಿ ಇಣುಕಿದರು. ಆಮೇಲೆ ನನ್ನ ಪುಟ ನೋಡಿದರು. ಕೆಂಪು ಇಂಕಿನಲ್ಲಿ ಬರೆದರು: 'ಇದು ಎಲ್ಲಿ ಕಂಡಿತು?'

ಅಂದು ನನಗೆ ಅಳುವೇ ಬಂತು. ಚಿತ್ರ ಅಷ್ಟು ಅಂದವಾಗಿತ್ತು. ಮೇಡಂ ಬೇರೆ ಬೇರು ಕೊಟ್ಟು ಮತ್ತೆ ಮಾಡಿಸಿದರು. ಮೂರನೇ ಸಲಕ್ಕೆ ಆ ನಾಲ್ಕರಲ್ಲಿ ಒಂದೇ ಒಂದು ಹಂತ, ಮೆಟಾಫೇಸ್, ಸಿಕ್ಕಿತು. ನಡುವಿನ ಗೆರೆಯಲ್ಲಿ ಸಾಲಾಗಿ ನಿಂತ ಕ್ರೋಮೋಸೋಮುಗಳು. ಅದೊಂದನ್ನೇ ಬರೆದೆ, ಕೆಳಗೆ 'ಉಳಿದ ಹಂತ ಕಾಣಲಿಲ್ಲ' ಅಂತ ಸೇರಿಸಿದೆ. ಅವತ್ತು ಪೂರ್ತಿ ಅಂಕ ಬಂತು.

ಜುವಾಲಜಿ ಲ್ಯಾಬಿನ ವಾಸನೆ ಇನ್ನೂ ಮೂಗಿನಲ್ಲಿದೆ. ಡ್ರೊಸೊಫಿಲಾ ಅನ್ನುವ ಪುಟ್ಟ ಹಣ್ಣಿನ ನೊಣಗಳಿಗೆ ರವೆ, ಬೆಲ್ಲ, ಅಗಾರ್ ಹಾಕಿ ಊಟ ಬೇಯಿಸುತ್ತಿದ್ದೆವು. ಬೂಸ್ಟು ಹಿಡಿಯದಿರಲು ಕೊನೆಯಲ್ಲಿ ಪ್ರೊಪಿಯಾನಿಕ್ ಆಸಿಡ್. ಅದನ್ನು ಹಾಕುವ ತನಕ ಥೇಟ್ ಅಮ್ಮ ಮಾಡುವ ಸಜ್ಜಿಗೆಯ ಪರಿಮಳ. ಮೊಟ್ಟೆಯಿಂದ ನೊಣ ಹೊರಬರಲು ಹತ್ತು ಹನ್ನೆರಡು ದಿನ ಸಾಕು. ಕ್ರಾಸ್ ಮಾಡಬೇಕಾದರೆ, ಅಂದರೆ ನಮಗೆ ಬೇಕಾದ ಗಂಡಿನ ಜೊತೆ ಕೂಡಿಸಬೇಕಾದರೆ, ಹೆಣ್ಣು ನೊಣವನ್ನು ಅದು ಹೊರಬಂದ ಕೆಲವೇ ಗಂಟೆಯೊಳಗೆ ಬೇರೆ ಮಾಡಬೇಕು. ತಡವಾದರೆ ಅದು ಬೇರೆ ಗಂಡಿನ ಜೊತೆ ಕೂಡಿ ಲೆಕ್ಕವೆಲ್ಲ ತಪ್ಪು. ಅದಕ್ಕಾಗಿ ಬೇಗ ಬರಬೇಕಿತ್ತು. ರೈಲು ತಪ್ಪಿದ ದಿನ ಹಾಸ್ಟೆಲ್ ಗೆಳತಿ ನನ್ನ ಬಾಟಲಿಗಳನ್ನೂ ನೋಡಿಕೊಳ್ಳುತ್ತಿದ್ದಳು.

ಡಿಗ್ರಿ ಮುಗಿಸಿ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಮೈಕ್ರೋಬಯಾಲಜಿ ಎಂ.ಎಸ್ಸಿ. ಮಾಡಿದೆ. ಆಮೇಲೆ ಮೈಸೂರಿನಲ್ಲೇ ಆಹಾರ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಹಾಲು, ಮಸಾಲೆ ಪುಡಿ, ಉಪ್ಪಿನಕಾಯಿ, ಎಲ್ಲದರಲ್ಲೂ ಎಷ್ಟು ಬ್ಯಾಕ್ಟೀರಿಯಾ ಇದೆ ಅಂತ ಎಣಿಸುವುದು. ಅಲ್ಲಿ ಸೇರಿ ಮೂರನೇ ತಿಂಗಳಿಗೆ ಒಂದು ತಪ್ಪು ಮಾಡಿದೆ. ಅದನ್ನು ಬರೆಯಲೇಬೇಕು.

ಇನ್‌ಕ್ಯುಬೇಟರನ್ನು 37 ಡಿಗ್ರಿಯಲ್ಲಿ ಇಟ್ಟಿರುತ್ತೇವೆ. ಬ್ಯಾಕ್ಟೀರಿಯಾ ಬೆಳೆಯಲು ತಟ್ಟೆ ಇಡುವ ಬೆಚ್ಚನೆಯ ಪೆಟ್ಟಿಗೆ ಅದು. ದಿನಕ್ಕೆ ಎರಡು ಸಲ ಥರ್ಮಾಮೀಟರ್ ನೋಡಿ ಹಾಳೆಯಲ್ಲಿ ಬರೆಯಬೇಕು. ಒಂದು ಸಂಜೆ ಬಸ್ಸಿನ ಅವಸರದಲ್ಲಿ ನೋಡಲಿಲ್ಲ. ಮರುದಿನ ಬಂದು, ಹಿಂದಿನ ಸಾಲುಗಳಲ್ಲಿ ಇದ್ದಂತೆ 37 ಅಂತ ಬರೆದುಬಿಟ್ಟೆ. ಆ ರಾತ್ರಿ ಕರೆಂಟು ಹೋಗಿ, ಬಂದ ಮೇಲೆ ಯಂತ್ರ ಮತ್ತೆ ಶುರುವಾಗಿರಲಿಲ್ಲ. ಒಳಗೆ 29 ಡಿಗ್ರಿ. ತಟ್ಟೆಗಳಲ್ಲಿ ಕಾಲನಿಗಳು, ಅಂದರೆ ಬ್ಯಾಕ್ಟೀರಿಯಾ ಗುಂಪಿನ ಚುಕ್ಕೆಗಳು, ಕಣ್ಣಿಗೆ ಕಾಣುವಷ್ಟು ಬೆಳೆದಿರಲಿಲ್ಲ. ಮಾದರಿ ಸ್ವಚ್ಛವಾಗಿದೆ ಅಂತ ವರದಿ ಹೋಗುವುದರಲ್ಲಿತ್ತು. ಸಹೋದ್ಯೋಗಿಯೊಬ್ಬರು ಯಂತ್ರದ ದೀಪ ಆರಿರುವುದನ್ನು ನೋಡಿ ತಡೆದರು. ಮೇಲಿನವರು ಹಾಳೆ ತೋರಿಸಿ, ಇದು ಯಾರ ಕೈಬರಹ ಅಂದರು. ನನ್ನದು ಅಂದೆ. ಇಡೀ ಬ್ಯಾಚನ್ನು ಮತ್ತೆ ಪರೀಕ್ಷೆ ಮಾಡಬೇಕಾಯಿತು. ಅದು ಪುಟ್ಟ ಮಕ್ಕಳು ತಿನ್ನುವ ಪದಾರ್ಥ. ರಾತ್ರಿ ನಿದ್ದೆ ಬರಲಿಲ್ಲ. ಕೆಂಪು ಇಂಕಿನ ಆ ಮೂರು ಪದ ಕಣ್ಣ ಮುಂದೆಯೇ ಇತ್ತು.

ಜೀವಶಾಸ್ತ್ರ ಓದಿದವರಿಗೆ ಯಾವ ಕೌಶಲ ಬೇಕು ಅಂತ ಈಗಿನ ವಿದ್ಯಾರ್ಥಿಗಳು ಕೇಳಿದಾಗ ನಾನು ಮೊದಲು ಹೇಳುವುದು ಇದನ್ನೇ. ಕಂಡದ್ದನ್ನು ಕಂಡ ಹಾಗೆ, ಕಂಡ ಹೊತ್ತಿನಲ್ಲೇ ಬರೆಯುವುದು. ಉಳಿದದ್ದನ್ನು ಕಲಿಸಬಹುದು. ಇದು ಇಲ್ಲದಿದ್ದರೆ ಯಾವ ಲ್ಯಾಬಿನಲ್ಲೂ ನಿಮ್ಮ ಅಂಕಿಯನ್ನು ಯಾರೂ ನಂಬುವುದಿಲ್ಲ.

ನನ್ನ ಬ್ಯಾಚಿನವರು ಎಲ್ಲೆಲ್ಲೋ ಇದ್ದಾರೆ. ಹಾಸ್ಟೆಲ್ ಗೆಳತಿ ಅಂದೆನಲ್ಲ, ಅವಳು ರೇಷ್ಮೆ ಕಡೆ ಹೋದಳು. ಅವಳ ಅಪ್ಪ ಮಳವಳ್ಳಿ ಕಡೆಯ ರೈತರು, ಮನೆಯಲ್ಲೇ ಹುಳು ಸಾಕುತ್ತಿದ್ದರು. ಮೈಸೂರಿನ ಶ್ರೀರಾಂಪುರದಲ್ಲಿ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ ಇದೆ. ನಮ್ಮ ರೈತರು ಬೆಳೆಯುವ ವಿ-1 ತಳಿಯ ಹಿಪ್ಪುನೇರಳೆ ಅಲ್ಲಿಂದಲೇ ಬಂದದ್ದು. ಅಲ್ಲಿ ತರಬೇತಿ ಪಡೆದು ಈಗ ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಕೇಂದ್ರವೊಂದರಲ್ಲಿ ಇದ್ದಾಳೆ. ಅವಳ ಕೆಲಸ ಕೇಳಿ. ಪೆಬ್ರಿನ್ ಅಂತ ಒಂದು ರೋಗ. ತಾಯಿ ಚಿಟ್ಟೆಯಿಂದ ಮೊಟ್ಟೆಯೊಳಗೇ ದಾಟುತ್ತದೆ. ಹುಳುವಿಗೆ ಒಮ್ಮೆ ಬಂದರೆ ಔಷಧಿಯಿಲ್ಲ, ಮನೆ ತುಂಬ ಹುಳು ಸಾಯುತ್ತದೆ. ಅದಕ್ಕೇ ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಅಕ್ಕಿ ಕಾಳಿನ ಆಕಾರದ, ಹೊಳೆಯುವ ಬೀಜಕಣ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡುತ್ತಾರೆ. ಈ ಉಪಾಯ ಲೂಯಿ ಪಾಶ್ಚರ್ ಅವರದ್ದು. 1865ರಲ್ಲಿ ಫ್ರಾನ್ಸಿನ ರೇಷ್ಮೆ ಹುಳುಗಳ ರೋಗ ನೋಡಲು ಹೋಗಿ, ಕೆಲವು ವರ್ಷ ದುಡಿದು ಕಂಡುಕೊಂಡದ್ದು. ಇವತ್ತಿಗೂ ಅದೇ ನಡೆಯುತ್ತಿದೆ. ದಿನವಿಡೀ ನೋಡಿದರೂ ಏನೂ ಕಾಣದ ದಿನಗಳೇ ಜಾಸ್ತಿ ಅನ್ನುತ್ತಾಳೆ. ಆದರೆ ಅವಳು ಒಂದು ಸ್ಲೈಡನ್ನು ಸುಮ್ನೆ 'ಇಲ್ಲ' ಅಂತ ಬರೆದರೆ ಯಾವುದೋ ಊರಿನ ರೈತನ ಇಡೀ ಬೆಳೆ ಹೋಗುತ್ತದೆ. ಪಿಎಚ್.ಡಿ. ಮಾಡದೆಯೂ ಇಷ್ಟು ದೊಡ್ಡ ಕೆಲಸ ಮಾಡಬಹುದು ಅಂತ ನಮಗೆ ಯಾರೂ ಹೇಳಿರಲಿಲ್ಲ.

ಇನ್ನೊಬ್ಬ ಗೆಳೆಯ ಹಕ್ಕಿಗಳ ಹಿಂದೆ ಹೋದವನು. ಭಾನುವಾರ ಬೆಳಿಗ್ಗೆ ಜುವಾಲಜಿ ಸರ್ ನಮ್ಮನ್ನು ಕುಕ್ಕರಹಳ್ಳಿ ಕೆರೆಗೆ ಕರೆದೊಯ್ಯುತ್ತಿದ್ದರು. ಹೆಜ್ಜಾರ್ಲೆ ಎಷ್ಟು, ಬಣ್ಣದ ಕೊಕ್ಕರೆ ಎಷ್ಟು ಅಂತ ಒಬ್ಬೊಬ್ಬರೂ ಬೇರೆ ಬೇರೆಯಾಗಿ ಎಣಿಸಬೇಕು. ಒಮ್ಮೆ ನನಗೆ 41 ಬಂತು, ಅವನಿಗೆ 36. ಸರ್ ಎರಡನ್ನೂ ಹೆಸರಿನ ಸಮೇತ ಬರೆದುಕೊಂಡರು. ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೂ ಇವೇ ಎರಡು ಹಕ್ಕಿ ಬರುತ್ತವೆ. ಊರವರು ಅವನ್ನು ಬಾಣಂತನಕ್ಕೆ ಬಂದ ಮಗಳಂತೆ ನೋಡುತ್ತಾರೆ. ಗೆಳೆಯ ಈಗ ಬಂಡೀಪುರದ ಕಡೆ, ಕಾಡಿನಲ್ಲಿ ಕಟ್ಟಿಟ್ಟ ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಿಂದ ಹುಲಿಗಳನ್ನು ಗುರುತಿಸುತ್ತಾನೆ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ. ಎಡ ಮಗ್ಗುಲು, ಬಲ ಮಗ್ಗುಲು ಕೂಡ ಬೇರೆ. ಅಂಕಿ-ಅಂಶದ ಲೆಕ್ಕಕ್ಕೆ ಅವನು ಆರ್ ಅನ್ನುವ ಉಚಿತ ಸಾಫ್ಟ್‌ವೇರ್ ಕಲಿತದ್ದು ತಾನೇ ಕೂತು.

ಇಬ್ಬರು ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿದ್ದಾರೆ. ಒಬ್ಬಳು ಬೆಂಗಳೂರಿನಲ್ಲಿ ಔಷಧಿಗಳ ಅಡ್ಡ ಪರಿಣಾಮದ ವರದಿ ಓದುವ ಕೆಲಸದಲ್ಲಿದ್ದಾಳೆ. ಒಬ್ಬ ಇಂಡಿಯನ್ ಫಾರೆಸ್ಟ್ ಸರ್ವೀಸ್ ಪರೀಕ್ಷೆಗೆ ಎರಡು ಸಲ ಕೂತ. ಬಾಟನಿ ಅಥವಾ ಜುವಾಲಜಿ ಓದಿದ ಪದವೀಧರರು ಅದಕ್ಕೆ ಕೂರಬಹುದು ಅಂತ ನಮಗೆ ಕೊನೆಯ ವರ್ಷದವರೆಗೂ ಗೊತ್ತಿರಲಿಲ್ಲ. 2020ರಲ್ಲಿ ಕೊರೊನಾ ಬಂದಾಗ ಅದರ ಪರೀಕ್ಷೆ ಮಾಡುವ ಆರ್‌ಟಿ-ಪಿಸಿಆರ್ ಲ್ಯಾಬುಗಳಿಗೆ ಒಮ್ಮೆಲೇ ಜನ ಬೇಕಾದರು. ಹನಿ ಅಳೆಯುವ ಪಿಪೆಟ್ ಹಿಡಿದು ಅಭ್ಯಾಸವಿದ್ದ ನಮ್ಮ ಜೂನಿಯರ್‌ಗಳು ವಾರದೊಳಗೆ ಕೆಲಸಕ್ಕೆ ನಿಂತರು.

ಈಗ ನಾನೇ ಹೊಸಬರ ಇಂಟರ್‌ವ್ಯೂ ಮಾಡುತ್ತೇನೆ. ಡಿಎನ್ಎ ನಕಲು ಮಾಡುವ ಪಿಸಿಆರ್ ತತ್ವ ಎಲ್ಲರೂ ಪಟಪಟ ಹೇಳುತ್ತಾರೆ. 20 ಮೈಕ್ರೋಲೀಟರ್ ಎಷ್ಟು ಚಿಕ್ಕ ಹನಿ ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಒಂದು ಲೆಕ್ಕ ಕೊಡುತ್ತೇನೆ. ಹಾಲನ್ನು ನೂರು ಪಟ್ಟು ತೆಳು ಮಾಡಿ, ಅದರಲ್ಲಿ 1 ಮಿ.ಲೀ. ತಟ್ಟೆಗೆ ಹಾಕಿದೆವು. 164 ಕಾಲನಿ ಬಂತು. ಹಾಗಾದರೆ 1 ಮಿ.ಲೀ. ಹಾಲಿನಲ್ಲಿ ಎಷ್ಟು? 16,400 ಅಂತ ಹೇಳಲು ಬಹಳ ಜನ ತಡವರಿಸುತ್ತಾರೆ. ಬುದ್ಧಿ ಕಡಿಮೆ ಅಂತಲ್ಲ. ತಮ್ಮ ಕೈಯಿಂದ ಮಾಡಿಲ್ಲ, ಅಷ್ಟೇ. ತಪ್ಪು ಹೇಳಿ ಆಮೇಲೆ ತಾವೇ ತಿದ್ದಿಕೊಂಡವರನ್ನು ನಾನು ತೆಗೆದುಕೊಂಡಿದ್ದೇನೆ.

ನನಗೆ ಇರುವ ಕೊರಗು ಒಂದೇ. ಸ್ಟ್ಯಾಟಿಸ್ಟಿಕ್ಸ್ ನಾವು ಕಲಿಯಲಿಲ್ಲ. ಗಣಿತಕ್ಕೆ ಹೆದರಿಯೇ ಸಿ.ಬಿ.ಝಡ್. ತೆಗೆದುಕೊಂಡವರು ನಾವು. ಕೆಲಸಕ್ಕೆ ಸೇರಿದ ಮೇಲೆ, ರಾತ್ರಿ ಊಟವಾದ ಮೇಲೆ ಕೂತು ಕಲಿತೆ. ಈಗ ಆನ್ಲೈನಿನಲ್ಲಿ ಸ್ವಯಂ, ಎನ್‌ಪಿಟೆಲ್ ಪಾಠಗಳು ಪುಕ್ಕಟೆ ಸಿಗುತ್ತವೆ. ಎರಡನೇ ವರ್ಷದಲ್ಲೇ ಶುರು ಮಾಡಿ. ಇಂಗ್ಲಿಷಿಗೂ ಹೆದರಬೇಡಿ. ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಲ್ಯಾಬಿನ ವರದಿಗೆ ಬೇಕಾಗಿರುವುದು ಚಿಕ್ಕ ಚಿಕ್ಕ ವಾಕ್ಯ. ಏನು ಮಾಡಿದೆ, ಏನು ಕಂಡಿತು. ಇಷ್ಟೇ ಅಲ್ವಾ?

ಬೇಸಿಗೆ ರಜೆಯನ್ನು ಕಳೆದುಕೊಳ್ಳಬೇಡಿ ಅಂತ ಮಾತ್ರ ಕೈಮುಗಿದು ಕೇಳುತ್ತೇನೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಫೆಲೋಶಿಪ್ ಕೊಡುತ್ತವೆ, ಅರ್ಜಿ ಹಾಕಿ. ಸಿಗದಿದ್ದರೆ ಮೈಸೂರಿನಲ್ಲೇ ನೋಡಿ. 1950ರಿಂದ ಚೆಲುವಾಂಬ ಮಹಲಿನಲ್ಲಿ ಸಿ.ಎಫ್.ಟಿ.ಆರ್.ಐ., ಅಂದರೆ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಇದೆ. ಎಮ್ಮೆ ಹಾಲಿನಿಂದ ಮಕ್ಕಳ ಹಾಲಿನ ಪುಡಿ ಮಾಡುವುದನ್ನು ಕಂಡುಹಿಡಿದ ಸಂಸ್ಥೆ ಅದು. ಮೂರು ವರ್ಷ ಅದರ ಗೇಟಿನ ಮುಂದೆ ಓಡಾಡಿದೆ. ಒಳಗೆ ಹೋಗಿ ಕೇಳಬಹುದು ಅಂತ ನನಗೆ ಹೊಳೆಯಲೇ ಇಲ್ಲ.

ನಮ್ಮ ಲ್ಯಾಬಿನಲ್ಲೂ ಮೇ ತಿಂಗಳಲ್ಲಿ ಇಬ್ಬರಿಗೆ ಜಾಗ ಇಟ್ಟಿದ್ದೇನೆ. ನಮ್ಮ ಕಾಲೇಜಿನವರಿಗೇ. ವಿಳಾಸ ಬಾಟನಿ ವಿಭಾಗದಲ್ಲಿ ಕೊಟ್ಟಿದ್ದೇನೆ. ಬರುವಾಗ ನಿಮ್ಮ ಪ್ರಾಕ್ಟಿಕಲ್ ರೆಕಾರ್ಡ್ ತನ್ನಿ. ಕೆಂಪು ಇಂಕು ಬಿದ್ದ ಪುಟಗಳನ್ನು ಹರಿಯದೆ ತನ್ನಿ.