ಎಳೆಯ ಮಕ್ಕಳೊಂದಿಗೆ ಬದಿಯಡ್ಕದಿಂದ ವಿಶ್ವೇಶ್ವರಯ್ಯ ಮ್ಯೂಸಿಯಂಗೆ

ಏಳು ವರ್ಷದ ಮಗಳನ್ನೂ ನಾಲ್ಕು ವರ್ಷದ ಮಗನನ್ನೂ ಕರೆದುಕೊಂಡು ಬದಿಯಡ್ಕದಿಂದ ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಹೊರಟಾಗ, ಒಂದೇ ದಿನದಲ್ಲಿ ಎಲ್ಲ ಮಹಡಿಗಳನ್ನೂ ನೋಡಿ ಮುಗಿಸುವ ಹುಮ್ಮಸ್ಸು ನಮ್ಮಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ನೋಡಿದ್ದು ಎರಡೇ ವಿಭಾಗ. ಈ ವಯಸ್ಸಿನ ಮಕ್ಕಳಿಗೆ ಅಷ್ಟೇ ಸಾಕು ಎಂಬುದು ಈಗ ನನ್ನ ಅಭಿಪ್ರಾಯ.

ಸಂಜೆ ಕಾಸರಗೋಡಿನಲ್ಲಿ ಕಣ್ಣೂರು–ಬೆಂಗಳೂರು ಎಕ್ಸ್‌ಪ್ರೆಸ್ ಹತ್ತಿದರೆ ಮಂಗಳೂರು, ಸುಬ್ರಹ್ಮಣ್ಯ ಮಾರ್ಗವಾಗಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಯಬಹುದು. ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲು ಆರಂಭವಾಗುತ್ತದೆ. ಐದು ವರ್ಷ ತುಂಬದ ಮಗುವಿಗೆ ಟಿಕೆಟ್ ಬೇಕಿಲ್ಲ ಎಂದು ನಾವು ಮಗನನ್ನು ನಮ್ಮ ಬರ್ತಿನಲ್ಲೇ ಮಲಗಿಸಿಕೊಂಡೆವು. ಅವನು ಸೊಗಸಾಗಿ ನಿದ್ರಿಸಿದ, ನಾನು ಮಾತ್ರ ಘಾಟಿಯುದ್ದಕ್ಕೂ ಎಚ್ಚರವಾಗಿದ್ದೆ. ಸಾಧ್ಯವಿದ್ದವರು ಪೂರ್ತಿ ದರ ಕೊಟ್ಟು ಮಗುವಿಗೂ ಬರ್ತ್ ಪಡೆಯುವುದು ಲೇಸು.

ರೈಲು ನಿಲ್ದಾಣದ ಬಳಿಯೇ ನೇರಳೆ ಮಾರ್ಗದ ಮೆಟ್ರೊ ಸಿಗುತ್ತದೆ. ದಾರಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣದ ಹೆಸರು ಕೇಳಿದೊಡನೆ ಮಗಳು ಎದ್ದು ಬಾಗಿಲ ಬಳಿ ಓಡಿದಳು. ಆದರೆ ಮ್ಯೂಸಿಯಂ ಅಲ್ಲಿಲ್ಲ, ಎರಡು ನಿಲ್ದಾಣ ದಾಟಿ ಕಬ್ಬನ್ ಪಾರ್ಕಿನಲ್ಲಿ ಇಳಿದು ಕಸ್ತೂರ್ಬಾ ರಸ್ತೆಗೆ ಹೋಗಬೇಕು. ಮಕ್ಕಳ ಕಾಲು ಸೋತಿದ್ದರೆ ಆಟೋ ಹಿಡಿಯಿರಿ.

ಬಾಗಿಲು 9:30ಕ್ಕೆ ತೆರೆಯುತ್ತದೆ; ಶಾಲಾ ಪ್ರವಾಸದ ಗುಂಪುಗಳು ಬರುವ ಮೊದಲು ಒಳಗಿರುವುದು ಜಾಣತನ. ಅಲುಗಾಡಿ ಗರ್ಜಿಸುವ ಡೈನೋಸಾರನ್ನು ಕಂಡು ಮಗ ನನ್ನ ಸೆರಗಿನ ಹಿಂದೆ ಅಡಗಿದ. ಅದರ ಪಾಠ ಕಲಿಯದೆ ತ್ರಿಡಿ ಚಿತ್ರಕ್ಕೂ ಟಿಕೆಟ್ ಕೊಂಡು, ಐದೇ ನಿಮಿಷದಲ್ಲಿ ಅಳುವ ಮಗುವಿನೊಂದಿಗೆ ಹೊರಗೆ ಬಂದದ್ದು ನಮ್ಮದೇ ತಪ್ಪು.

ಮಕ್ಕಳು ಹೆಚ್ಚು ಹೊತ್ತು ನಿಂತದ್ದು ರಾಟೆಗಳ ಮುಂದೆ. ಮನೆಯ ಬಾವಿಯಲ್ಲಿ ಕೊಡ ಎಳೆಯುವುದನ್ನು ದಿನವೂ ನೋಡುವ ಮಗಳು, ಒಂದೇ ಭಾರ ಒಂದು ಹಗ್ಗದಲ್ಲಿ ಕಷ್ಟಪಟ್ಟೂ ಇನ್ನೊಂದರಲ್ಲಿ ಸಲೀಸಾಗಿಯೂ ಏರುವುದನ್ನು ಹತ್ತಾರು ಸಲ ಎಳೆದು ನೋಡಿ, "ಇದರಲ್ಲಿ ಹಗ್ಗ ಜಾಸ್ತಿ ಎಳೆಯಬೇಕು ಅಮ್ಮ" ಎಂದಳು. ಭಾರದೊಡನೆ ತಾನೂ ಮೇಲೇರುವ ರಾಟೆಯಲ್ಲಿ ಬಲ ಅರ್ಧವಾದರೆ ಎಳೆಯುವ ಹಗ್ಗ ಇಮ್ಮಡಿಯಾಗುತ್ತದೆ ಎಂಬುದನ್ನು ನಾನು ಹೇಳುವ ಮೊದಲೇ ಅವಳ ಕೈಗೆ ತಿಳಿದಿತ್ತು. ಇಂಥಲ್ಲಿ ಅವಸರಪಡಿಸಿ ಮುಂದಕ್ಕೆ ಎಳೆದೊಯ್ಯಬಾರದು.

ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯನ್ನು ತಪ್ಪಿಸಬೇಡಿ. 1903ರ ಮೊದಲ ಹಾರಾಟ 12 ಸೆಕೆಂಡಿನದು, ದೂರ 120 ಅಡಿ, ನಮ್ಮ ಅಂಗಳದಿಂದ ಹಟ್ಟಿಯವರೆಗೆ ಎಂದು ಅಳತೆ ಹೇಳಿದಾಗ ಮಗಳು "ಅಷ್ಟೇಯಾ?" ಎಂದು ಸ್ವಲ್ಪ ಬೇಸರಿಸಿದಳು. ಕನ್ನಡದ ವಿವರಣಾ ಫಲಕಗಳನ್ನು ಅವಳಿಂದಲೇ ಓದಿಸಿದೆ. ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳಿಗೆ ಊರಿನಾಚೆ ಇಂಥ ಫಲಕಗಳು ಸಿಗುವುದೇ ಒಂದು ಸಂಭ್ರಮ.

ರಾತ್ರಿಯ ರೈಲಿಗೇ ಮರಳುವವರು ಸಾಮಾನನ್ನು ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಡಬಹುದು, ಆದರೆ ಬೀಗವಿಲ್ಲದ ಚೀಲವನ್ನು ಅಲ್ಲಿ ಒಪ್ಪುವುದಿಲ್ಲ. ಹಾಗಾಗಿ ಊರಿನಿಂದ ಹೊರಡುವಾಗಲೇ ಪುಟ್ಟ ಬೀಗವೊಂದನ್ನು ಚೀಲಕ್ಕೆ ಸಿಕ್ಕಿಸಿಕೊಳ್ಳಿ.