ಕೈಗವಸು ಕದ್ದವನ ಕಣ್ಣು ಹೋಗಲಿ

ಪ್ರಾಚೀನ ಗ್ರೀಕ್ ಮತ್ತು ರೋಮನ್ ನಾಗರಿಕತೆ ಓದೋಕೆ ಅಂತ ಇಂಗ್ಲೆಂಡಿಗೆ ಹೋದೆ. ಮೊದಲ ಟರ್ಮ್ ಪೂರ್ತಿ ದೊಡ್ಡವರ ಕಥೆಯೇ ಆಯಿತು. ಪೆರಿಕ್ಲಿಸ್, ಸೀಸರ್, ಅಗಸ್ಟಸ್. ಜೊತೆಗೆ ರೋಮನ್ ಭಾಷಣಕಾರ ಸಿಸೆರೊನ ಲ್ಯಾಟಿನ್. ವಾಕ್ಯದ ಕೊನೆಗೆ ಕ್ರಿಯಾಪದ ಬರೋದು ಕನ್ನಡದವಳಿಗೆ ಹೊಸದಲ್ಲ, ಆದರೂ ಇವನು ತುಂಬಾ ಕಾಯಿಸುತ್ತಾನೆ.

ಎರಡನೇ ಟರ್ಮ್‌ನಲ್ಲಿ ನಮ್ಮನ್ನು ಬಾತ್ ನಗರಕ್ಕೆ ಕರೆದುಕೊಂಡು ಹೋದರು. ರೋಮನ್ನರ ಕಾಲದ ಅಕ್ವೆ ಸುಲಿಸ್. ನೆಲದಡಿಯಿಂದ ಈಗಲೂ 46 ಡಿಗ್ರಿ ಬಿಸಿನೀರು ಉಕ್ಕುತ್ತದೆ. ಎಲ್ಲರೂ ಕೊಳದ ಹಬೆಯ ಫೋಟೊ ತೆಗೆಯುತ್ತಿದ್ದರು. ನಾನು ಒಳಗೆ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತುಬಿಟ್ಟೆ.

ಒಳಗಿದ್ದದ್ದು ಸೀಸದ ತೆಳು ತಗಡುಗಳು. ಮಡಚಿದ ಗೆರೆ ಇನ್ನೂ ಕಾಣುತ್ತದೆ. ಮೇಲೆ ಮೊನೆಯಿಂದ ಗೀಚಿದ ಪುಟ್ಟ ಅಕ್ಷರ. ಕಲ್ಲಿನ ಶಾಸನದ ಠೀವಿ ಇಲ್ಲ, ಅವಸರದ ಕೈಬರಹ. ಇಂಥವು ಸುಮಾರು 130 ಸಿಕ್ಕಿವೆ. ಸಾಮಾನು ಕಳುವಾದವರು ಸುಲಿಸ್ ಮಿನರ್ವ ದೇವಿಗೆ ದೂರು ಬರೆದು ಬುಗ್ಗೆಗೆ ಎಸೆಯುತ್ತಿದ್ದರಂತೆ. ಡೊಸಿಮೆಡಿಸ್ ಎಂಬವನ ಎರಡು ಕೈಗವಸು ಹೋಗಿವೆ. ಕದ್ದವನ ಬುದ್ಧಿಯೂ ಹೋಗಲಿ, ಕಣ್ಣೂ ಹೋಗಲಿ ಅಂತ ಬೇಡಿದ್ದಾನೆ. ಬರೀ ಕೈಗವಸಿಗೆ! ಡೊಸಿಲಿಯಾನಸ್‌ನ ಮೇಲಂಗಿ ಹೋಗಿದೆ. ಕದ್ದವರು ಗಂಡಾಗಲಿ ಹೆಣ್ಣಾಗಲಿ, ಗುಲಾಮರಾಗಲಿ ಸ್ವತಂತ್ರರಾಗಲಿ, ಅದನ್ನು ಗುಡಿಗೆ ತಂದೊಪ್ಪಿಸುವ ತನಕ ನಿದ್ದೆ ಬರಬಾರದು, ಮಕ್ಕಳಾಗಬಾರದು. ವಕೀಲರ ನೋಟಿಸಿನ ಹಾಗೆ, ಎಲ್ಲೂ ನುಣುಚಿಕೊಳ್ಳಲು ಜಾಗ ಬಿಟ್ಟಿಲ್ಲ.

ನಮ್ಮ ತಂಡದವರು ಓದಿ ಓದಿ ನಕ್ಕರು. ನನಗೆ ನಗು ಬರಲಿಲ್ಲ. ನಾನು ಮಂಗಳೂರಿನ ಕಡೆಯವಳು. ನಮ್ಮಲ್ಲಿ ಏನಾದರೂ ಕಳೆದುಹೋದರೆ ಮೊದಲು ನಮ್ಮೂರ ದೈವ ಕೊರಗಜ್ಜನಿಗೆ ಹೇಳಿಕೊಳ್ಳುತ್ತೇವೆ, ಪೊಲೀಸರೆಲ್ಲ ಆಮೇಲೆ. ರಾತ್ರಿ ಫೋನಿನಲ್ಲಿ ಹೇಳಿದಾಗ ಅಮ್ಮನೂ ನಗಲಿಲ್ಲ. "ಗ್ಲೌಸ್ ವಾಪಸ್ ಸಿಕ್ತಂತಾ?" ಅಂತ ಕೇಳಿದಳು.

ಆ ಟರ್ಮ್‌ನ ಪ್ರಬಂಧಕ್ಕೆ ಈ ತಗಡುಗಳನ್ನೇ ಹಿಡಿದೆ. ಅಗಸ್ಟಸ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಅಲ್ವಾ? ನನಗೆ ಜಾಸ್ತಿ ಇಷ್ಟವಾದವನು ಅನ್ನಿಯಾನಸ್. ಪರ್ಸಿನಿಂದ ಆರು ಬೆಳ್ಳಿ ನಾಣ್ಯ ಕಳೆದುಕೊಂಡವನು. ಕಳ್ಳ ಕ್ರೈಸ್ತನಾಗಿದ್ದರೂ ಬಿಡಬೇಡ ಅಂತ ದೇವಿಗೆ ಹೇಳಿದ್ದಾನೆ. ಅವನ ತಗಡಿನಲ್ಲಿ 18 ಹೆಸರುಗಳಿವೆ, ಅವನಿಗೆ ಅನುಮಾನ ಇದ್ದವರದೇ ಇರಬೇಕು. ವಿಕ್ಟರ್ ಅಪ್ಪಟ ಲ್ಯಾಟಿನ್ ಹೆಸರು. ಅಲೌನ ಅಲ್ಲಿನದೇ ಕೆಲ್ಟಿಕ್ ಹೆಸರು. ಯುಟಿಕಿಯಸ್, ಕ್ಯಾಲಿಯೊಪಿಸ್ ಗ್ರೀಕ್. ನಮ್ಮ ಸಿಲೆಬಸ್ಸಿನಲ್ಲಿ ಗ್ರೀಸ್ ಒಂದು ಪೇಪರ್, ರೋಮ್ ಇನ್ನೊಂದು. ಅನ್ನಿಯಾನಸ್‌ಗೆ ಎಲ್ಲರ ಮೇಲೂ ಒಂದೇ ಅನುಮಾನ.